ಏಳು ಸೆಕೆಂಡಿನ ಸರದಿ

ಚನ್ನಬಸವ್ವನ ಎರಡೂ ಕೈ ಹಿಟ್ಟಿನ ಮೇಲೆ ಪಟಪಟ ಬೀಳುತ್ತಿದ್ದವು. ಪಾರ್ಕಿನ್ಸನ್ ಕಾಯಿಲೆಯಿಂದ ಐದು ವರ್ಷ ನಡುಗಿದ ಕೈಗಳು ಇವೇ ಎಂದರೆ ನಂಬುವುದು ಕಷ್ಟ. ಮೆದುಳಿನ ಆಳಕ್ಕೆ ಇಳಿಸಿದ್ದ ಸಣ್ಣ ತಂತಿ, ಎದೆಯ ಚರ್ಮದಡಿ ಕೂರಿಸಿದ್ದ ಬೆಂಕಿಪೊಟ್ಟಣದಷ್ಟು ಯಂತ್ರ, ಎರಡೂ ಚಾಚೂ ತಪ್ಪದೆ ದುಡಿಯುತ್ತಿದ್ದವು. ಆದರೂ ರೊಟ್ಟಿಯ ಅಂಚು ಬಿರಿಯಿತು.

"ನೋಡ್ರಿ ಮೇಡಮ್ಮಾರ, ಮತ್ತ ಬಿರೀತು! ಕೈಗೆ ಇನ್ನೊಂದೀಟು ಕರೆಂಟ್ ಕೊಡ್ರಿ," ಎಂದ ಗಂಡ ವಿರೂಪಾಕ್ಷಪ್ಪ.

ಗದಗದಲ್ಲಿ ಗಂಡಹೆಂಡತಿ ನಡೆಸುತ್ತಿದ್ದ ಖಾನಾವಳಿಗೆ ಅವತ್ತು ಬಂದಿದ್ದವಳು ಯಂತ್ರ ಕಂಡುಹಿಡಿದ ಡಾ. ಸಬೀಹಾ ನದಾಫ್. ೨೦೫೮ರ ಹೊತ್ತಿಗೆ ಮೆದುಳಿಗೆ ವಿದ್ಯುತ್ ಕೊಡುವುದು ಹಳೆಯ ಚಿಕಿತ್ಸೆಯೇ. ಅದರದೊಂದು ಹಳೆಯ ಪೀಡೆಯೂ ಇತ್ತು. ಕೈ ನೆಟ್ಟಗಾಗಲೆಂದು ವಿದ್ಯುತ್ ಹೆಚ್ಚಿಸಿದರೆ ಅದು ಪಕ್ಕದ ನರಗಳಿಗೂ ಹರಡಿ ಕೆಲವರ ಮಾತು ತೊದಲುತ್ತಿತ್ತು, ದನಿ ಕುಗ್ಗುತ್ತಿತ್ತು. ಸಬೀಹಾಳ ಯಂತ್ರದ ಹೆಸರು 'ಸರದಿ'. ಕೈ ಆಡಲು ಹೊರಟಿದೆಯೋ ಬಾಯಿ ಆಡಲು ಹೊರಟಿದೆಯೋ ಎಂದು ಮೆದುಳಿನ ಅಲೆ ನೋಡಿ ತಿಳಿದು, ಆ ಕ್ಷಣಕ್ಕೆ ಬೇಕಾದ ಅಂಗಕ್ಕೆ ಬೇಕಾದಷ್ಟು ಕೊಡುತ್ತಿತ್ತು. ಮನೆಯವರು ಕೇಳಿದರೆ ವೈದ್ಯರೂ ಕೈಯ ಪಾಲು ಏರಿಸಬಹುದಿತ್ತು. ತೊಂಬತ್ತು ದಿನ ಕಲಿತು, ಆಮೇಲೆ ಕಲಿತಷ್ಟಕ್ಕೇ ಅದು ನಿಂತುಬಿಡುತ್ತಿತ್ತು.

ಇದು ಎಂಬತ್ತೆಂಟನೆಯ ದಿನ. ಚನ್ನಬಸವ್ವನ ಸರದಿ ಬಾಯಿಗೆ ಏನೂ ಬೇಕಿಲ್ಲ ಎಂದು ಕಲಿಯುತ್ತಿತ್ತು. ಇನ್ನೆರಡು ದಿನ ಹೀಗೇ ಹೋದರೆ ಅವಳ ಮಾತಿಗೆ ಬೀಗ ಬಿದ್ದಂತೆಯೇ.

"ಮೂರು ಸಲ ಕೈಯಿಂದು ಏರಿಸೇವ್ರಿ. ಏರಿಸಿದಷ್ಟೂ ಮಾತು ಹೊಂಟೈತಿ," ಎಂದಳು ಸಬೀಹಾ.

"ಮಾತಿಂದೇನು ಬಿಡ್ರಿ, ನಾ ಇಲ್ಲೇನು? ಮೂವತ್ತಾರು ವರ್ಷ ಸಂಸಾರ ಮಾಡೇನಿ. ಆಕಿ ಬಾಯಿ ತಗಿಯೂದ್ರಾಗ ನಂಗ ತಿಳಿತೈತಿ."

ಮನುಷ್ಯ ಕೆಟ್ಟವನಲ್ಲ, ಪಾಪ. ಒಂದು ಕಾಲಕ್ಕೆ ಒಲೆಯ ಮುಂದಿನಿಂದ "ಇನ್ನೊಂದು ಹಾಕ್ಕೋರಿ, ಎಷ್ಟು ಉಂಡ್ರೀ ನೀವು!" ಎಂದು ಚನ್ನಬಸವ್ವ ಕೂಗಿದರೆ ಬೀದಿಗೆ ಕೇಳುತ್ತಿತ್ತು. ಒಲ್ಲೆ ಎಂದವರ ತಾಟಿಗೂ ರೊಟ್ಟಿ ಬೀಳುತ್ತಿತ್ತು. ಕಾಯಿಲೆಯಿಂದ ಅವಳ ಮಾತು ನಿಧಾನವಾದಾಗಿನಿಂದ ಅವನೇ ಪಂಕ್ತಿಯಲ್ಲಿ ಓಡಾಡಿ, "ಇನ್ನೊಂದು ಹಾಕ್ಕೋರಿ ಅಂತಾಳ ನಮ್ಮಾಕಿ" ಎನ್ನುತ್ತಿದ್ದ. ಹೆಂಡತಿಯ ಮಾತು ಅಳಿಯಬಾರದೆಂದೇ ಅವನು ಹಾಗೆ ಮಾಡುತ್ತಿದ್ದ.

ಆದರೆ ಸಬೀಹಾ ಯಂತ್ರದ ದಾಖಲೆ ನೋಡಿಯೇ ಬಂದಿದ್ದಳು. ದಿನಕ್ಕೆ ನಲವತ್ತು ಸಲ ಬಾಯಿಯ ಅಲೆ ಏಳುತ್ತಿತ್ತು, ನಾಲ್ಕನೆಯ ಸೆಕೆಂಡಿಗೆ ಸತ್ತುಹೋಗುತ್ತಿತ್ತು. ಅಲೆ ಮಾತಾಗಿ ಹೊರಬರಲು ಚನ್ನಬಸವ್ವನಿಗೆ ಬೇಕಾದದ್ದು ಏಳು ಸೆಕೆಂಡು. ನಾಲ್ಕಕ್ಕೆ ಏನಾಗುತ್ತಿದೆ ಎಂಬುದು ಇಲ್ಲಿ ಬಂದು ಕೂತ ಮೇಲೆ ಗೊತ್ತಾಯಿತು. ಚನ್ನಬಸವ್ವ ತುಟಿ ಬಿಚ್ಚಿದಳು. "ನೀರ ಬೇಕಾತೇನು?" ಎಂದ ವಿರೂಪಾಕ್ಷಪ್ಪ. ಅವಳು ತಲೆಯಾಡಿಸಿ ನೀರು ಕುಡಿದಳು.

"ಅಣ್ಣಾರ, ನನಗೊಂದು ಉಪಕಾರ ಮಾಡ್ರಿ. ಅಕ್ಕಾರನ್ನ ನಾನೊಂದು ಮಾತು ಕೇಳ್ತೀನಿ. ಏನರ ಆಗಲಿ, ನೀವು ಬಾಯಿ ಬಿಡಬ್ಯಾಡ್ರಿ."

"ಅದೇನು ದೊಡ್ಡ ಕೆಲಸ!"

"ಅಕ್ಕಾರ, ರೊಟ್ಟಿ ಯಾಕ ಬಿರಿತಾವು?"

ಒಂದು. ಎರಡು. ಊಟಕ್ಕೆ ಕೂತವರೂ ತುತ್ತು ಕೈಯಲ್ಲೇ ಹಿಡಿದರು. ನಾಲ್ಕಕ್ಕೆ ವಿರೂಪಾಕ್ಷಪ್ಪನ ಬಾಯಿ ತೆರೆಯಿತು. ಸಬೀಹಾ ಅವನತ್ತ ಕಣ್ಣು ಬಿಟ್ಟಳು. ಅವನು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡ. ಆರು. ಏಳು.

"ಜ್ವಾಳ... ಹಳೇವು," ಎಂದಳು ಚನ್ನಬಸವ್ವ. ದನಿ ಸಣ್ಣದು, ಒರಟು. "ಹಿಟ್ಟಿಗೆ... ಜಿಗಿ ಇಲ್ಲ. ಕೈಯಿಂದಲ್ಲ ತಪ್ಪು."

ಟವೆಲ್ ಬಾಯಿಂದ ಇಳಿಯಲಿಲ್ಲ. ಇನ್ನೊಂದು ಏಳು ಸೆಕೆಂಡು ಕಳೆಯಿತು.

"ಸಂತಿಗೆ ನೀವು ಹೊಂಟಾಗಿಂದ... ಹಿಂಗ. ವರ್ಷಾತು, ಹೇಳಬೇಕಂತ ಮಾಡಾಕತ್ತೇನಿ."

ವಿರೂಪಾಕ್ಷಪ್ಪ ಕೂತುಬಿಟ್ಟ. ರೊಟ್ಟಿ ಬಿರಿದಾಗಲೆಲ್ಲ ಕೈಗೆ ಕರೆಂಟ್ ಕೇಳಿದವನು ಅವನು. ಹಿಟ್ಟಿನ ತಪ್ಪಿಗೆ ಹೆಂಡತಿಯ ನಾಲಿಗೆ ದಂಡ ತೆತ್ತಿತ್ತು. "ಅಯ್ಯ ಶಿವನ! ನಾ ಎಂಥಾ ಹುಂಬ," ಎಂದು ಹಣೆ ಬಡಿದುಕೊಂಡು, ಎಲ್ಲರೆದುರೇ ಅತ್ತ.

ಸಬೀಹಾ ಅಲ್ಲೇ ಕೈಯ ಪಾಲು ಇಳಿಸಿದಳು. ಮರುದಿನ ಹೊಸ ಜೋಳ ಬಂತು, ರೊಟ್ಟಿ ಬಿರಿಯಲಿಲ್ಲ. ಉಳಿದ ಎರಡು ದಿನವೂ ವಿರೂಪಾಕ್ಷಪ್ಪ ಟವೆಲ್ ಬಾಯಿಗಿಟ್ಟುಕೊಂಡೇ ಓಡಾಡಿದ. ತೊಂಬತ್ತನೆಯ ದಿನ ಯಂತ್ರದ ಕಲಿಕೆ ನಿಂತಾಗ ಬಾಯಿಗೂ ಒಂದು ಪಾಲು ಉಳಿದಿತ್ತು.

ಸರದಿಯ ಜೊತೆ ಮನೆಯವರಿಗೆ ಕೊಡುವ ಸೂಚನಾಪತ್ರಕ್ಕೆ ಸಬೀಹಾ ಒಂದು ಸಾಲು ಸೇರಿಸಿದಳು: 'ಕೇಳಿದ ಮೇಲೆ ಸುಮ್ಮನೆ ಕಾಯಿರಿ.' ಬರೆದ ಮೇಲೆ ಅವಳ ಕೈ ಅಲ್ಲೇ ನಿಂತಿತು. ಈ ಸಾಲಿಗೆ ತಂತಿ ಬೇಕಿರಲಿಲ್ಲ, ಯಂತ್ರ ಬೇಕಿರಲಿಲ್ಲ.

ಅವಳಿಗೆ ಏಳು ವರ್ಷವಿದ್ದಾಗ, ಅಂದರೆ ೨೦೨೬ರ ಸುಮಾರಿಗೆ, ಅವಳ ಅಜ್ಜಿಗೂ ಇದೇ ಕಾಯಿಲೆ ಇತ್ತು. ಮಂಚದ ಮೇಲೆ ಕೂತ ಅಜ್ಜಿ ಸಬೀಹಾಳನ್ನು ನೋಡಿ ತುಟಿ ಬಿಚ್ಚುತ್ತಿದ್ದಳು. "ಚಾ ಬೇಕೇನು? ಮಕ್ಕೋತಿಯೇನು?" ಎಂದು ಓಡಿಹೋಗಿ ಕೇಳುತ್ತಿದ್ದವಳು ಸಬೀಹಾಳೇ. ಅಜ್ಜಿ ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸುತ್ತಿದ್ದಳು. ಅವಳು ಏನು ಹೇಳಬೇಕೆಂದಿದ್ದಳೋ, ಸಬೀಹಾಗೆ ಕೊನೆಗೂ ಗೊತ್ತಾಗಲಿಲ್ಲ.