ಅಂಗಳದಲ್ಲೇ ಗುರುಗುಟ್ಟುತ್ತಿದ್ದ ಕಾರು

“ಮತ್ತ ಫೇಲಾತ್ರಿ ಸಾವ್ಕಾರ್ರ! ಹೊಗಿ ಭಾಳ ಐತಿ,” ಎಂದ ಗ್ಯಾರೇಜಿನ ಮೆಕ್ಯಾನಿಕ್ ನಾಗಪ್ಪ, ಎಮಿಷನ್ ಟೆಸ್ಟಿನ ಚೀಟಿ ಓದುತ್ತ. ಕಾರನ್ನು ಮನೆಯಿಂದ ಅವನೇ ಓಡಿಸಿಕೊಂಡು ಬಂದಿದ್ದ.

ಪಪ್ಪನ ಪಕ್ಕದಲ್ಲಿದ್ದ ಶಿಲ್ಪಾ ಕಾರಿಗೆ ಆತು ನಿಂತಳು. ಇದು ಎರಡನೇ ಸಲ. ರಿಪೇರಿ ಆಗದಿದ್ದರೆ ಕಾರನ್ನು ಗುಜರಿಗೆ ಕೊಡುತ್ತೇನೆ ಎಂದು ಪಪ್ಪ ಬೆಳಿಗ್ಗೆಯೇ ಹೇಳಿದ್ದರು. ಕಾರೇನೋ ಹಳೆಯದೇ, ಅವಳಿಗಿಂತ ಹದಿನೈದು ವರ್ಷ ದೊಡ್ಡದು. ಆದರೆ ನಾಲ್ಕು ತಿಂಗಳ ಹಿಂದೆ ಅಜ್ಜಿ ತೀರಿಕೊಂಡ ಮೇಲೆ ಸಂಜೆ ಹೊತ್ತು ಅವಳ ಜೊತೆಗಿದ್ದದ್ದು ಅದೊಂದೇ.

ನಾಗಪ್ಪ ಬಾನೆಟ್ ಎತ್ತಿದ. ಏರ್ ಫಿಲ್ಟರ್ ತೆಗೆದು ಕೊಡವಿದ. ಅದು ಸ್ವಚ್ಛವಾಗಿಯೇ ಇತ್ತು. ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿದ. ಮೂರು ಪ್ಲಗ್ಗುಗಳೂ ಒಲೆಯ ಮೇಲಿನ ಬೋಗುಣಿಯ ತಳದ ಹಾಗೆ ಕಪ್ಪಗಿದ್ದವು.

“ಇದೇನ್ ಸೋಜಿಗರಿ! ನಾಕ್ ತಿಂಗಳಿಂದ ಗಾಡಿ ಓಡೇ ಇಲ್ಲ ಅಂತೀರಿ. ಯಾರೋ ದಿನಾ ಚಾಲೂ ಮಾಡಿ, ಬಿಸಿ ಆಗೋದ್ರೊಳಗ ಬಂದ್ ಮಾಡಿದಂಗೈತಿ. ಹಂಗ ಮಾಡಿದ್ರ ಪೆಟ್ರೋಲ್ ಪೂರ್ತಿ ಸುಡಂಗಿಲ್ಲ, ಮಸಿ ಕಟ್ಟತೈತಿ.”

“ಯಾರ್ ಮಾಡ್ತಾರೋ ಮಾರಾಯಾ? ನಾ ಓಡಾಡೂದು ಸ್ಕೂಟರ್ ಮ್ಯಾಲೆ,” ಎಂದರು ಪಪ್ಪ.

“ಹಂಗಾರ ಎಂಜಿನ್ನಿಗೆ ಪೆಟ್ರೋಲ್ ಬಿಡೂ ಕಾರ್ಬೊರೇಟರ್ ಹೋಗಿರಬೇಕು. ಈ ಗಾಡಿ ಸಾಮಾನು ಈಗ ಎಲ್ಲೂ ಸಿಗಂಗಿಲ್ರಿ.”

“ಸಾಕು ಬಿಡು. ಗುಜರಿಯವಗ ಫೋನ್ ಹಚ್ತೀನಿ.”

ಪಪ್ಪ ಫೋನ್ ತೆಗೆದೇಬಿಟ್ಟರು. ಶಿಲ್ಪಾ ಅವರ ತೋಳು ಹಿಡಿದಳು. ಹೇಳಿದರೆ ಬೈಗುಳ, ಹೇಳದಿದ್ದರೆ ಕಾರೇ ಇಲ್ಲ.

“ಪಪ್ಪಾ... ನಾನ ಮಾಡ್ತಿದ್ದೆ. ಸಾಲಿಯಿಂದ ಬಂದು ದಿನಾ ಐದು ನಿಮಿಷ. ಗೇರ್ ನ್ಯೂಟ್ರಲ್ ಇಟ್ಟೇ ಸ್ಟಾರ್ಟ್ ಮಾಡ್ತಿದ್ದೆ!”

“ಏನಂದಿ? ಕಾರೇನು ಆಟದ ಸಾಮಾನೇನ? ಯಾಕ ಮಾಡ್ದಿ?”

ಶಿಲ್ಪಾಳಿಗೆ ಅಳು ತಡೆಯಲಾಗಲಿಲ್ಲ. “ನೀವು, ಮಮ್ಮಿ ಅಂಗಡಿಯಿಂದ ಬರೂದು ಎಂಟಕ್ಕ. ಮನ್ಯಾಗ ಯಾರೂ ಇರಂಗಿಲ್ಲ. ಎಲ್ಲಿಗಾದ್ರೂ ಹೊರಟಾಗ ಅಜ್ಜಿ ಎಷ್ಟ್ ಕರದ್ರೂ ಬರ್ತಿದ್ದಿಲ್ಲ. ಗಾಡಿ ಸೌಂಡ್ ಕೇಳಿದ ಮ್ಯಾಲೇ ಸೆರಗು ಸರಿ ಮಾಡ್ಕೋತ ಹೊರಗ ಬರ್ತಿದ್ದಳಲ್ಲ... ಈಗ ಬರಂಗಿಲ್ಲ ಅಂತ ಗೊತ್ತೈತಿ ಪಪ್ಪಾ. ಆದ್ರೂ ಬಾಗಲಾ ನೋಡ್ಕೋತ ಕುಂದರ್ತಿದ್ದೆ.”

ಪಪ್ಪ ಬೈಯಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡರು.

ನಾಗಪ್ಪ ಪ್ಲಗ್ಗುಗಳನ್ನು ಉಜ್ಜಿ ಮತ್ತೆ ಹಾಕಿದ. ಬನವಾಸಿ ರಸ್ತೆಯಲ್ಲಿ ದೂರದವರೆಗೆ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಟೆಸ್ಟ್ ಮಾಡಿಸಿಕೊಂಡೇ ಬಂದ.

“ಪಾಸಾತ್ರಿ! ವಾರಕ್ಕೊಮ್ಮೆಯಾದ್ರೂ ದೂರ ಓಡಸ್ರಿ. ಗುಜರಿಯವಗ ಫೋನ್ ಹಚ್ತೀರೇನು?”

“ಬ್ಯಾಡ ಬಿಡು,” ಎಂದರು ಪಪ್ಪ.

ಮನೆಗೆ ಹೊರಟಾಗ ಶಿಲ್ಪಾ ಎಂದಿನಂತೆ ಹಿಂದಿನ ಬಾಗಿಲು ತೆರೆದಳು.

“ಮುಂದ ಬಾ.”

“ಅದು ಅಜ್ಜಿ ಸೀಟು ಪಪ್ಪಾ.”

“ಹೌದವ್ವಾ. ಅದು ಖಾಲಿ ಇದ್ರ ನನಗ ಗಾಡಿ ಓಡಸಾಕ ಆಗಂಗಿಲ್ಲ.” ಪಪ್ಪ ಅವಳ ಕಡೆ ನೋಡಲಿಲ್ಲ, ಸ್ಟೀರಿಂಗನ್ನೇ ನೋಡುತ್ತಿದ್ದರು.

ಇಷ್ಟು ದಿನ ಪಪ್ಪ ಮಳೆಯಲ್ಲಿ ತೊಯ್ದುಕೊಂಡಾದರೂ ಸ್ಕೂಟರಿನಲ್ಲೇ ಯಾಕೆ ಹೋಗುತ್ತಿದ್ದರೆಂದು ಶಿಲ್ಪಾಳಿಗೆ ಆಗ ತಿಳಿಯಿತು. ಅವಳು ಹಿಂದಿನ ಬಾಗಿಲು ಮುಚ್ಚಿ, ಮುಂದೆ ಬಂದು ಕೂತಳು. ಬೆಲ್ಟ್ ಹಾಕಿಕೊಂಡು, “ನಡೀರಿ ಪಪ್ಪಾ,” ಎಂದಳು.