ಮೂರನೇ ಹೆಣದ ನಗು

ನಾನು ಸತ್ತಾಗ ಇಡೀ ಥಿಯೇಟರು ನಕ್ಕಿತು.

ನಕ್ಕವರನ್ನು ಬೈಯುವ ಹಾಗೂ ಇರಲಿಲ್ಲ. ಪರದೆಯ ಮೇಲೆ ನನ್ನ ಕುತ್ತಿಗೆಯಿಂದ ಹರಿಯುತ್ತಿದ್ದ ರಕ್ತ, ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿದ್ದೆಂದು ಕೊನೆಯ ಸಾಲಿನವರಿಗೂ ಗೊತ್ತಾಗುತ್ತಿತ್ತು. ಅದರ ಮೇಲೆ ಎರಡು ಇರುವೆ ಬೇರೆ ಓಡಾಡುತ್ತಿದ್ದವು. "ಏ, ಹೆಣಕ್ಕ ಇರಿವಿ ಹತ್ಯಾವಲೇ!" ಎಂದು ಯಾರೋ ಕೂಗಿದರು. ನನ್ನ ಬಲಕ್ಕೆ ಅಪ್ಪ, ಎಡಕ್ಕೆ ಅವ್ವ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಅಳು ತಡೆಯುವುದಕ್ಕಂತೂ ಅಲ್ಲ.

ಸಿನಿಮಾದ ಹೆಸರು 'ಪಾರ್ಟಿಗೆ ಬರ್ರಿ'. ಏಳು ಜನ ಗೆಳೆಯರು ಹಾಳುಬಿದ್ದ ಅಕ್ಕಿ ಗಿರಣಿಯೊಂದರಲ್ಲಿ ಬರ್ತ್‌ಡೇ ಪಾರ್ಟಿ ಇಟ್ಟುಕೊಳ್ಳುತ್ತಾರೆ, ಕೇಕು ಕತ್ತರಿಸುವ ಮೊದಲೇ ಒಬ್ಬೊಬ್ಬರಾಗಿ ಸಾಯುತ್ತಾರೆ. ಇಷ್ಟೇ ಕಥೆ. ನಾನು ಮೂರನೇ ಹೆಣ. ಕುರುಗೋಡಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಯಶೋಧರಾ ಟೀಚರಿಗೆ ಹೆಣವಾಗುವ ಚಪಲ ಯಾಕೆ ಬಂತೆಂದರೆ, ಡೈರೆಕ್ಟರ್ ಸುಜಯೀಂದ್ರ ಕಾಲೇಜಿನಲ್ಲಿ ನನ್ನ ಕ್ಲಾಸ್‌ಮೇಟ್. "ನಾಕೇ ಡೈಲಾಗ್ ಅವ. ಆಮೇಲೆ ಸುಮ್ಮನ ಮಲಗಿರೋದಷ್ಟೇ ಕೆಲಸ" ಎಂದು ಕರೆದಿದ್ದ.

ಸುಮ್ಮನೆ ಮಲಗಿರುವುದು ಸುಲಭ ಎಂದುಕೊಂಡಿದ್ದು ನನ್ನ ದಡ್ಡತನ. ಸಿರುಗುಪ್ಪದ ಆ ಗಿರಣಿಯಲ್ಲಿ ತೌಡಿನ ವಾಸನೆ ಇನ್ನೂ ಹೋಗಿರಲಿಲ್ಲ, ಇರುವೆಗಳಂತೂ ನಮ್ಮ ಬೆಲ್ಲಕ್ಕೇ ಕಾದು ಕೂತಿದ್ದವು. ಕಣ್ಣು ಮುಚ್ಚಿ ಬಿದ್ದುಕೊಂಡಿದ್ದೆ. ಒಂದು ಇರುವೆ ಕೆನ್ನೆ ಹತ್ತಿ, ಹುಬ್ಬಿಗೆ ಬಂದು ಅಲ್ಲೇ ಯೋಚಿಸುತ್ತಾ ನಿಂತಿತು. ಅಲ್ಲಾಡಿದರೆ ಶಾಟ್ ಹಾಳು.

"ಅಲ್ಲಾಡಬ್ಯಾಡ್ರಿ ಮೇಡಂ" ಎಂದು ಬಲು ಮೆಲ್ಲಗೆ ಒಂದು ದನಿ ಕೇಳಿತು. ಯಾರದೋ ಬೆರಳು ನನ್ನ ಹುಬ್ಬನ್ನು ಮುಟ್ಟಿತೋ ಇಲ್ಲವೋ ಅನ್ನುವಷ್ಟು ಹಗುರಾಗಿ ಬಂದು ಇರುವೆಯನ್ನು ಎತ್ತಿಕೊಂಡು ಹೋಯಿತು. ಸತ್ತವಳ ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳಬಾರದು. ಆದರೆ ಹೊಡೆದುಕೊಂಡಿತು.

ಅವನು ರಾಮಾಂಜಿನಿ. ಸಿರುಗುಪ್ಪದಲ್ಲಿ ಮದುವೆ ವಿಡಿಯೊ ತೆಗೆಯುವವನು. ನಮ್ಮ ಸಿನಿಮಾಕ್ಕೆ ಕ್ಯಾಮೆರಾ, ಎಡಿಟಿಂಗ್ ಎರಡೂ ಅವನದೇ. ಕಟ್ ಎಂದಮೇಲೆ ಎಲ್ಲರೂ ಮಂಡಕ್ಕಿ ಒಗ್ಗರಣಿ-ಮಿರ್ಚಿ ಬಂತೆಂದು ಹೊರಗೆ ಓಡಿದರು. ನಾನೂ ಏಳಲು ಹೋದೆ.

"ಈಗ್ಲೇ ಏಳಬ್ಯಾಡ್ರಿ. ಒಮ್ಮಿ ನಗ್ರಿ."

"ಏನು?"

"ಸತ್ತವರು ಏಳಾಕಿಂತ ಮೊದ್ಲ ಕ್ಯಾಮೆರಾ ಮುಂದ ನಗಬೇಕ್ರಿ. ಹೆಣದ ಶಾಟ್ ಕಡೀ ಶಾಟ್ ಆಗಬಾರದು. ನನಗ ಕೆಲಸ ಕಲಿಸಿದ ಹಾಲಸಿದ್ದಪ್ಪ ಮಾಸ್ತರು ಹೇಳ್ಯಾರ."

"ನೀವು ಇದನ್ನೆಲ್ಲಾ ನಂಬತೀರೇನು?"

"ಇಲ್ರಿ." ಅವನು ಕ್ಯಾಮೆರಾದ ಹಿಂದಿನಿಂದ ಅರ್ಧ ಮುಖ ಹೊರಗೆ ಹಾಕಿದ. "ಆದ್ರ ನಿಮ್ಮ ವಿಷಯದಾಗ ಯಾಕ ಸುಮ್ನ ರಿಸ್ಕು?"

ಹಲ್ಲು ಕಿರಿದೆ. "ಆತೇನು?"

"ಫೋಕಸ್ ಇನ್ನಾ ಬಂದಿಲ್ರಿ."

ಮತ್ತೆ ನಕ್ಕೆ. ಫೋಕಸ್ ಮತ್ತೂ ಬರಲಿಲ್ಲ. ಎಷ್ಟೋ ಮದುವೆ ತೆಗೆದವನಿಗೆ ಇಷ್ಟು ಹೊತ್ತು ಫೋಕಸ್ ಬಾರದಿರುವುದು ಹೇಗೆ ಎಂದು ಹೊಳೆದ ಕೂಡಲೇ ನನಗೆ ನಿಜವಾದ ನಗು ಬಂತು. ಆಮೇಲೆ ಅವನನ್ನೇ ನೋಡುತ್ತಾ ಇದ್ದುಬಿಟ್ಟೆ.

ಇದಾಗಿ ಏಳು ತಿಂಗಳು. 'ವಾಯ್ಸ್ ಸರಿ ಬಂದಿಲ್ಲ' ಎಂದು ಅವನು ಮೈಕು ಹಿಡಿದುಕೊಂಡು ಕುರುಗೋಡಿಗೆ ಬಂದ. ನಾಲ್ಕು ಡೈಲಾಗಿಗೆ ಮೂರು ಸಲ ಬಂದ. ಮೂರು ಸಲವೂ ಶಾಲೆಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು, ಲೋಟದ ಅಂಚಿನ ಮೇಲಿಂದ ನನ್ನನ್ನು ನೋಡಿ, ನಾನು ನೋಡಿದ ತಕ್ಷಣ ಬಿಸ್ಕತ್ತು ನೋಡಿದ. "ಹೋಗಿ ಬರ್ತೀನ್ರಿ" ಎಂದು ಎದ್ದು ಹೋದ. ಈ ಮನುಷ್ಯನ ಬಾಯಿಗೆ ಯಾರು ಬೀಗ ಹಾಕಿದ್ದಾರೋ ಎಂದು ನಾನು ಮನೆಗೆ ಬಂದು ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಈಗ ಬಳ್ಳಾರಿಯ ಥಿಯೇಟರಿನಲ್ಲಿ, ಭಾನುವಾರದ ಬೆಳಗಿನ ಆಟಕ್ಕೆ, ಅವನ ಎಡಿಟಿಂಗ್ ನೋಡುತ್ತಾ ಕೂತಿದ್ದೆ. ಮದುವೆ ವಿಡಿಯೊ ಮಾಡಿ ಮಾಡಿ ಕೈಗೆ ಅಂಟಿದ ಅಭ್ಯಾಸ ಸಿನಿಮಾಕ್ಕೂ ಅಂಟಿತ್ತು. ಪಾರ್ಟಿಗೆ ಬಂದ ಪ್ರತಿಯೊಬ್ಬರೂ ತಿನ್ನುವುದನ್ನು ಹತ್ತಿರದಿಂದ ತೋರಿಸಿದ್ದ. ದೆವ್ವ ನಿಧಾನವಾಗಿ ನಡೆದು ಬಂತು, ಮೇಲಿನಿಂದ ಗುಲಾಬಿ ಎಸಳು ಉದುರಿದವು.

"ಇದು ದೆವ್ವನೋ, ಮದುಮಗಳೋ?" ಎಂದು ಅಪ್ಪ ಕೇಳಿದರು. ಅಪ್ಪ ಕೆಂಚಣ್ಣ, ಸರ್ವೇ ಇಲಾಖೆಯವರು. ಹೊಲ ಅಳೆದು ಗಡಿ ತೋರಿಸುವುದು ಅವರ ಕೆಲಸ, ನೇರ ಮಾತು ಅವರ ಸ್ವಭಾವ.

ಅಂತೂ 'ಮುಕ್ತಾಯ' ಎಂದು ಬಂತು. ಜನ ನಿಟ್ಟುಸಿರು ಬಿಟ್ಟು ಎದ್ದರು. ಅಷ್ಟರಲ್ಲಿ ಪರದೆ ಮತ್ತೆ ಬೆಳಗಿತು.

ನನ್ನ ಮುಖ. ಇಪ್ಪತ್ತು ಅಡಿ ಅಗಲದ ನನ್ನ ಮುಖ, ಕುತ್ತಿಗೆ ತುಂಬಾ ಬೆಲ್ಲ. ಮೊದಲು ಹಲ್ಲು ಕಿರಿಯಿತು. "ಫೋಕಸ್ ಇನ್ನಾ ಬಂದಿಲ್ರಿ" ಎಂಬ ದನಿ ಥಿಯೇಟರಿನ ನಾಲ್ಕೂ ಮೂಲೆಯಿಂದ ಕೇಳಿತು. ಆಮೇಲೆ ಆ ಮುಖದ ಕಣ್ಣುಗಳು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ಸರಿದವು. ಅಲ್ಲಿದ್ದ ಯಾರನ್ನೋ ನೋಡಿದವು, ಮತ್ತು ನೋಡುತ್ತಲೇ ಇದ್ದವು. ನನ್ನ ಮುಖದಲ್ಲಿ ಅಂಥದ್ದೊಂದು ನಗು ಇದೆಯೆಂದು ಈ ಇಪ್ಪತ್ತಾರು ವರ್ಷ ನನಗೇ ಗೊತ್ತಿರಲಿಲ್ಲ.

"ಹೆಣಕ್ಕ ಲವ್ ಆಗೈತಲೇ!" ಎಂದು ಹಿಂದಿನಿಂದ ಯಾರೋ ಕೇಕೆ ಹಾಕಿದರು. ಸೀಟಿಯೋ ಸೀಟಿ. ಇಡೀ ಸಿನಿಮಾದಲ್ಲಿ ಬಾರದ ಚಪ್ಪಾಳೆ ಆಗ ಬಂತು.

ಅಪ್ಪ ಚಪ್ಪಾಳೆ ಹೊಡೆಯಲಿಲ್ಲ. "ಯಶೂ, ಯಾರನ್ನ ನೋಡಿ ನಗಾಕತ್ತೀ?" ಎಂದರು.

ನಾನು ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದೆ. ಚಪ್ಪಲಿ ಕಾಲಲ್ಲೇ ಇತ್ತು.

ಹೊರಗೆ ಸುಜಯೀಂದ್ರ ರಾಮಾಂಜಿನಿಯನ್ನು ಕಂಬಕ್ಕೆ ಒತ್ತಿ ನಿಲ್ಲಿಸಿದ್ದ. "ಏನಿದು? ಹಾರರ್ ಸಿನಿಮಾದ ಕೊನೇಗೆ ಹೆಣ ನಗ್ತದ?" ಸುತ್ತ ಇಡೀ ತಂಡ, ಅವರವರ ಮನೆಯವರು. ರಾಮಾಂಜಿನಿ ತಲೆ ಎತ್ತಿದ. ನನ್ನನ್ನು ನೋಡಿದ, ನನ್ನ ಪಕ್ಕದ ಅಪ್ಪನನ್ನು ನೋಡಿದ, ಅವನ ಮುಖದ ಬಣ್ಣವೇ ಹೋಯಿತು.

"ಮಿಸ್ಟೇಕ್ ಆತು. ಅದರಾಗ ಏನೂ ಇಲ್ಲ. ಇವತ್ತ ತಗದು ಹಾಕ್ತೀನಿ."

ಅದರಾಗ ಏನೂ ಇಲ್ಲ! ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅಷ್ಟು ಜನ ನೋಡಿ ಸೀಟಿ ಹೊಡೆದಿದ್ದರು, ನೋಡದವನು ಇವನೊಬ್ಬನೇ. ಸಿನಿಮಾ ನೋಡಿ ಯಾರಿಗೂ ಭಯವಾಗಿರಲಿಲ್ಲ. ನನಗೆ ಆಗ ಆಯಿತು. ಏಳು ತಿಂಗಳು ನಾನು ಮನಸ್ಸಿನಲ್ಲಿ ಕಟ್ಟಿಕೊಂಡದ್ದೆಲ್ಲ ಬರೀ ನನ್ನ ಕಲ್ಪನೆಯಾಗಿದ್ದರೆ?

ಊರಿಗೆ ಮರಳುವ ಬಸ್ಸು ಕೊಳಗಲ್ಲು ದಾಟಿತು. ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

"ಸಿನಿಮಾ ಕೆಟ್ಟದ್ದಿದ್ರ ಇರಲಿ. ಆ ಹುಡುಗ ಸುಳ್ಳು ಹೇಳಿದ. ಮೂವತ್ತು ವರ್ಷ ಹೊಲ ಅಳದೀನಿ. ಗಡಿಕಲ್ಲು ಕಣ್ಣ ಮುಂದ ಇದ್ರೂ ಇಲ್ಲಿ ಏನೂ ಇಲ್ಲ ಅನ್ನೋರನ್ನ ಬಾಳ ನೋಡೀನಿ. ನೀ ಯಾರನ್ನ ಬೇಕಾದ್ರೂ ಮೆಚ್ಚಕೋ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಾಕು ಮಂದಿ ಮುಂದ ನಿನ್ನ ಹೌದು ಅನ್ನಾಕ ಹೆದರೋನು ಬ್ಯಾಡ."

ಅವ್ವ ಉಚ್ಚೆಂಗೆಮ್ಮ ನನ್ನ ಕೈ ಹಿಡಿದುಕೊಂಡಳು. ಅಪ್ಪ ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಸುಜಯೀಂದ್ರ ಫೋನ್ ಮಾಡಿದ. "ನೋಡು ಯಶೋಧರಾ, ನೀನೇ ಅವನಿಗೆ ಹೇಳಬೇಕು. ಇವತ್ತ ಬಂದವರೆಲ್ಲಾ ನಗೋ ಹೆಣ ಎಲ್ಲಿ ಅಂತ ಕೇಳ್ಯಾರ. ಜನಕ್ಕ ಇಷ್ಟ ಆಗಿದ್ದು ಅದೊಂದೇ. ವಾಪಸ್ ಹಾಕೋ ಅಂದ್ರ ಜಗಳಕ್ಕ ಬಂದ. ಮೇಡಂ ಅವರನ್ನ ಕೇಳದ ಒಮ್ಮೆ ತೋರಿಸಿದ್ದೇ ನನ್ನ ತಪ್ಪು, ಇನ್ನ ತೋರಸೂದಿಲ್ಲ ಅಂತಾನ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಇನ್ನೊಂದು ಕೇಳು. ಏಳೂ ಹೆಣಾನ ನಗಿಸ್ಯಾನ ಅವ. ಆರು ಜನದ್ದು ಎರಡೆರಡು ಸೆಕೆಂಡ್ ಅವ. ನಿಂದು ನಲವತ್ತಮೂರು."

ಅರ್ಧ ದಿನದ ರಜೆ ಬರೆದುಕೊಟ್ಟು ಸಿರುಗುಪ್ಪದ ಬಸ್ಸು ಹತ್ತಿದೆ.

ರಾಮಾಂಜಿನಿಯ ಸ್ಟುಡಿಯೊ ಬಸ್ ಸ್ಟ್ಯಾಂಡಿನ ಹತ್ತಿರ, ಮೇಲಿನ ಮಹಡಿಯಲ್ಲಿ. ಯಾರದೋ ಮದುವೆಯ ಅಕ್ಷತೆ ಕಂಪ್ಯೂಟರಿನಲ್ಲಿ ನಿಧಾನವಾಗಿ ಬೀಳುತ್ತಿತ್ತು. ನನ್ನನ್ನು ಕಂಡು ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು.

"ಮೇಡಂ! ಬರ್ರಿ. ಕುಂದರ್ರಿ." ಕುಳಿತುಕೊಳ್ಳಲು ಕುರ್ಚಿಯೇ ಇರಲಿಲ್ಲ, ಅದು ಬಿದ್ದಿತ್ತು.

"ಅಳಸಿದ್ರೇನು?"

"ಸಿನಿಮಾದಿಂದ ತಗದೀನ್ರಿ."

"ಕಂಪ್ಯೂಟರಿಂದ?"

ಅವನು ಕೀಬೋರ್ಡನ್ನು ನೋಡಿದ. "ಕೈ ಬರವಲ್ದು" ಎಂದ.

"ಏನೂ ಇಲ್ಲ ಅಂದಿದ್ರಲ್ಲ ಅದರಾಗ. ಏನೂ ಇಲ್ಲದ್ದನ್ನ ಅಳಸಾಕ ಏನು ಕಷ್ಟ?"

ರಾಮಾಂಜಿನಿ ಕುರ್ಚಿ ಎತ್ತಿ ನಿಲ್ಲಿಸಿದ. ಅದರ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಮಾತಾಡಿದ. "ದಿನಾ ಕೆಲಸ ಮುಗಿಸಿ ಏಳೋ ಮುಂದ ಒಮ್ಮಿ ನೋಡ್ಕೊಂಡು ಏಳ್ತಿದ್ದೆ. ಅದಕ್ಕ ಸಿನಿಮಾದ ಕಡೀಕ ಜೋಡಿಸಿ ಇಟ್ಕೊಂಡಿದ್ದೆ. ಫೈನಲ್ ಮಾಡೋ ದಿನ ಹಚ್ಚೊಳ್ಳಿಯೊಳಗ ಮದುವಿ ಇತ್ತು, ಅವಸರದಾಗ ತಗಿಯೋದು ಮರ್ತೆ. ಮರ್ತಿದ್ದು ಮಿಸ್ಟೇಕ್. ಇಟ್ಕೊಂಡಿದ್ದು ಮಿಸ್ಟೇಕ್ ಅಲ್ರಿ."

ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಕಷ್ಟಪಟ್ಟು ಹಿಡಿದುಕೊಂಡೆ.

"ಮತ್ತ ಮಂದಿ ಮುಂದ ಹಂಗ್ಯಾಕ ಅಂದ್ರಿ?"

"ನಿಮ್ಮಪ್ಪ ನಿಂತಿದ್ರಲ್ರಿ. ನಿಮಗ ಕೆಟ್ಟ ಹೆಸರು ಬರಬಾರದು ಅಂತ..."

"ನನ್ನ ಹೆಸರು ನಾ ಕಾಯ್ಕೋತೀನಿ. ನಾಕು ಡೈಲಾಗಿಗೆ ಮೂರು ಸಲ ಬಂದ್ರಿ. ಏಳು ತಿಂಗಳಾತು. ಒಂದು ಸಲನಾದ್ರೂ ಬಾಯಿ ಬಿಟ್ರೇನು?"

ಅವನು ನನ್ನನ್ನೇ ನೋಡಿದ. ಈ ಸಲ ಬಿಸ್ಕತ್ತು ಇರಲಿಲ್ಲ.

"ನೀವು ಬಿಟ್ರೇನ್ರಿ?"

ಅರವತ್ತು ಮಕ್ಕಳ ಬಾಯಿ ಮುಚ್ಚಿಸುವ ಟೀಚರು ನಾನು. ನನ್ನ ಬಾಯಿಯನ್ನು ಒಂದೇ ಪ್ರಶ್ನೆ ಮುಚ್ಚಿಸಿತು. ಅಪ್ಪ ಯಾರನ್ನು ನೋಡಿ ನಗುತ್ತಿದ್ದೀಯ ಎಂದು ಕೇಳಿದಾಗ ನಾನೇನು ಮಾಡಿದ್ದೆ? ಚಪ್ಪಲಿ ಹುಡುಕಿದ್ದೆ.

"ನಿಮ್ಮಪ್ಪ ಮನ್ಯಾಗ ಎಷ್ಟೊತ್ತಿಗೆ ಸಿಗತಾರ?" ಎಂದು ಅವನು ಬೈಕಿನ ಕೀಲಿ ತೆಗೆದುಕೊಂಡ.

ತೆಕ್ಕಲಕೋಟೆಯ ದಾರಿ ಹಿಡಿದೆವು. ಎರಡೂ ಕಡೆ ಕಾಲುವೆ ನೀರು ಕುಡಿದು ನಿಂತ ಭತ್ತ. ಇಳಿಬಿಸಿಲು ಅದರ ಮೇಲೆ ಬಿದ್ದು ಕಣ್ಣಿಗೆ ಹಿತವಾಗಿತ್ತು. ನಾನು ಒಂದು ಗೇಣು ದೂರ ಬಿಟ್ಟೇ ಕೂತಿದ್ದೆ. ಅವನು ಎಡಗಡೆಯ ಕನ್ನಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದ, ಅದರಲ್ಲಿ ನನ್ನ ಕಣ್ಣು ಸಿಕ್ಕಿತು.

"ಕನ್ನಡಿ ಯಾಕ ತಿರುಗಸಿದ್ರಿ?"

"ಹಿಂದ ಗಾಡಿ ಬರ್ತಾವಲ್ರಿ, ನೋಡಬೇಕು."

ತಿರುಗಿ ನೋಡಿದೆ. "ಒಂದೂ ಗಾಡಿ ಇಲ್ಲ."

"ಬರಬಹುದಲ್ರಿ."

ಕುರುಗೋಡು ಬರುವವರೆಗೂ ಒಂದು ಟ್ರ್ಯಾಕ್ಟರು ಮಾತ್ರ ಬಂತು, ಅದೂ ಎದುರಿನಿಂದ. ಅವನು ಕನ್ನಡಿಯನ್ನು ಬಿಡಲಿಲ್ಲ. ನಾನೂ ಬಿಡಲಿಲ್ಲ. ಆದರೆ ಊರಿನ ಗುಡ್ಡ ಕಾಣಿಸಿದ ಕೂಡಲೇ ಅವನು ಬೈಕಿನ ವೇಗ ಇಳಿಸಿದ.

ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವ್ವ ಬಾಗಿಲಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು. ರಾಮಾಂಜಿನಿ ಚಪ್ಪಲಿ ಬಿಟ್ಟು ಬಂದು ನಿಂತ.

"ನಮಸ್ಕಾರ್ರಿ ಸರ್. ನಿನ್ನೆ ಸುಳ್ಳು ಹೇಳಿದೆ. ಅದರಾಗ ಏನೂ ಇಲ್ಲ ಅಂದೆ, ಐತ್ರಿ. ನಿಮ್ಮ ಮಗಳಂದ್ರ ನನಗ ಇಷ್ಟ. ನಿನ್ನೆ ಎಲ್ಲಾರ ಮುಂದ ಹೇಳೋ ಧೈರ್ಯ ಆಗಲಿಲ್ಲ. ನಾಳೆ ಬಳ್ಳಾರಿಗೆ ಹೋಗಿ ಎಲ್ಲಾರ ಮುಂದನೂ ಹೇಳ್ತೀನಿ. ಆದ್ರ ಮೊದ್ಲ ನಿಮಗ ಹೇಳಬೇಕಂತ ಬಂದೆ."

ಅಪ್ಪ ಅವನನ್ನು ಕಾಲಿನಿಂದ ತಲೆಯವರೆಗೆ ಅಳೆದರು.

"ಸಿನಿಮಾ ಬಾಳ ಕೆಟ್ಟದ್ದೈತಿ" ಎಂದರು.

"ಹೌದ್ರಿ."

"ದೆವ್ವದ ಮ್ಯಾಲೆ ಹೂವು ಯಾಕ ಹಾಕಿದಿ?"

"ರೂಢಿ ಆಗೈತ್ರಿ ಸರ್."

ಬಾಗಿಲಲ್ಲಿ ಅವ್ವ ಕೆಮ್ಮಿದಳು. ಅಪ್ಪನ ಮುಖ ಮಾತ್ರ ಸಡಿಲವಾಗಲಿಲ್ಲ. ಅವರು ನನ್ನ ಕಡೆ ತಿರುಗಿದರು.

"ಅವ ಹೇಳಿದ. ನೀನು?"

ಅದೇ ಕ್ಷಣಕ್ಕೆ ನಾನು ಇಷ್ಟು ದಿನ ಹೆದರಿದ್ದು. ಅವನು ಹೇಳಲಿಲ್ಲ ಎಂದು ಏಳು ತಿಂಗಳು ಬೈದುಕೊಂಡೆ, ಯಾಕೆಂದರೆ ಅವನು ಹೇಳುವವರೆಗೆ ನಾನು ಹೇಳಬೇಕಾಗಿರಲಿಲ್ಲ. ರಾಮಾಂಜಿನಿ ನೆಲ ನೋಡುತ್ತಾ ನಿಂತಿದ್ದ. ನಾನು ಈಗ ಸುಮ್ಮನಾದರೆ ಅವನು ಒಂದೂ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾನೆ, ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

"ನನಗೂ ಇವರಂದ್ರ ಇಷ್ಟ ಅಪ್ಪಾ" ಎಂದೆ. "ಇವರನ್ನ ನೋಡಿನೇ ನಕ್ಕಿದ್ದು. ನಿನ್ನೆ ಕೇಳಿದಾಗ ನಾನೂ ಹೇಳಲಿಲ್ಲ. ಇವರು ಒಬ್ಬರೇ ಸುಳ್ಳು ಹೇಳಿಲ್ಲ."

ರಾಮಾಂಜಿನಿ ತಲೆ ಎತ್ತಿದ. ಅವನ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಕೊಳ್ಳಲು ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

ಅಪ್ಪ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಅವನ ಕಡೆ ತಳ್ಳಿದರು.

"ಕುಂದರಪಾ. ಬರೋ ಭಾನುವಾರ ಅವ್ವ-ಅಪ್ಪನ್ನ ಕರ್ಕೊಂಡು ಬಾ. ಮಾತಾಡೂನು." ಒಳಗೆ ಹೋಗುತ್ತಾ ಬಾಗಿಲಲ್ಲಿ ನಿಂತು ತಿರುಗಿದರು. "ಯಶೂ, ಅವನಿಗೆ ನೀರು ಕೊಡು. ಹುಡುಗ ನಿಂತಲ್ಲೇ ಬೆವತಾನ."