ಹಾಲುಹಲ್ಲಿನ ಕೋಟೆ

ಬೆಟ್ಟಗಳು ಇನ್ನೂ ಎದ್ದು ನಡೆದಾಡುತ್ತಿದ್ದ ಕಾಲದಲ್ಲಿ ಕುಂದಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಮಗುವಿನ ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಸೆಗಣಿಯ ಉಂಡೆಯಲ್ಲಿ ಹುದುಗಿಸಿ ಸೂರಿನ ಮೇಲೆ ಎಸೆಯುತ್ತಿದ್ದರು. ಅಂದು ಆ ಮನೆಗೆ ಅರಮನೆಯಿಂದ ಸಕ್ಕರೆ ಬರುತ್ತಿತ್ತು. ಇಷ್ಟೇ ಆಗಿದ್ದರೆ ಯಾರಿಗೂ ಕೇಡಿರಲಿಲ್ಲ. ಆದರೆ ಯಾರ ಮಗು ಎಲ್ಲರಿಗಿಂತ ಎಳೆಯ ವಯಸ್ಸಿನಲ್ಲಿ ಹಲ್ಲು ಎಸೆಯಿತು ಎಂಬುದೇ ಬರಬರುತ್ತ ಮನೆತನದ ಪ್ರತಿಷ್ಠೆಯಾಯಿತು.

ಅಂಥ ಹೊತ್ತಿನಲ್ಲಿ ಕಾಳಮಧು ಎಂಬ ಮಾಂತ್ರಿಕ ಬಂದ. ಬೆಲ್ಲದ ಪಾಕದಲ್ಲಿ ಅದ್ದಿದ ಪುಟ್ಟ ಬಟ್ಟೆಯ ಗೊಂಬೆಯೊಂದನ್ನು ಪ್ರತಿಯೊಬ್ಬ ತಾಯಿಯ ಕೈಗೂ ಕೊಟ್ಟ. ಮಕ್ಕಳು ಅದನ್ನು ಚೀಪುತ್ತ ನಿದ್ದೆಹೋದರು. ಅಳು ನಿಂತಿತು, ತಾಯಂದಿರು ಹರಸಿದರು. ಕ್ರಮೇಣ ಹಲ್ಲುಗಳು ಕಪ್ಪಾದವು, ಟೊಳ್ಳಾದವು, ಕಾಲ ಬರುವ ಮೊದಲೇ ಉದುರಿದವು. "ಹೇಗೂ ಬೀಳುವ ಹಲ್ಲು" ಎಂದು ಎಲ್ಲರೂ ನಗುತ್ತ ಸೂರಿನ ಮೇಲೆ ಎಸೆದರು. ಮಾಂತ್ರಿಕನ ಕಾಗೆಗಳು ಅವನ್ನು ಆರಿಸಿ ಕಪ್ಪುಬೆಟ್ಟದಾಚೆಗೆ ಒಯ್ದವು. ಅಲ್ಲಿ ಹಲ್ಲಿನ ಮೇಲೆ ಹಲ್ಲು ಕೂತು ಒಂದು ಕೋಟೆ ಎದ್ದಿತು.

ಕುಂದಾವತಿಯಲ್ಲಿ ಬಾಚಲೆ ಎಂಬ ಹೆಂಗಸು ಚಾಪೆ ಹೆಣೆದು ಬದುಕುತ್ತಿದ್ದಳು. ಅವಳ ಮಗಳು ನೀಲವ್ವೆಗೂ ಗೊಂಬೆ ಬಂದಿತ್ತು. ಈಗ ಮಗುವಿನ ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ರೊಟ್ಟಿ ಅಗಿಯಲಾರದೆ ಗಂಜಿ ಕುಡಿಯುತ್ತಿತ್ತು. ಗಂಜಿ ತಾಕಿದರೂ ಚೀರುತ್ತಿತ್ತು. ಮನೆಯ ಸೂರಿನ ಮೇಲೆ ಕಾಗೆಯೊಂದು ಕಾದು ಕೂತಿತ್ತು.

"ಬಾಚಕ್ಕ, ನಾಳೆ ನಿನ್ನ ಮನೆಗೂ ಸಕ್ಕರೆ ಬರುತ್ತೆ ಬಿಡು" ಎಂದಳು ನೆರೆಯ ಮಾಕವ್ವೆ.

"ನಿನ್ನ ಮಗನ ಬಾಯಿ ಒಮ್ಮೆ ನೋಡಿದ್ದೀಯಾ ಮಾಕವ್ವೆ?" ಎಂದಳು ಬಾಚಲೆ. "ಹಾಲುಹಲ್ಲು ಬೇಗ ಹೋಯಿತು. ಅಕ್ಕಪಕ್ಕದವು ವಾಲಿಕೊಂಡು ಆ ಜಾಗ ಮುಚ್ಚಿದವು. ಹೊಸಹಲ್ಲು ದಾರಿ ಕಾಣದೆ ಅಂಗುಳಿನ ಕಡೆ ಹುಟ್ಟಿದೆ. ಅವನು 'ಅವ್ವ' ಅಂದರೂ ಅರ್ಥವಾಗಲ್ಲ."

ಮಾಕವ್ವೆಯ ಮುಖ ಸಣ್ಣದಾಯಿತು. "ಅದು ಅವನ ಹಣೆಬರಹ" ಎಂದು ಒಳಗೆ ಹೋದಳು.

ಬಾಚಲೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಅರಮನೆಗೆ ನಡೆದಳು. ರಾಜ ಸೋಮವರ್ಮ ಅವಳ ಮಾತು ಕೇಳಿ ಮುಗುಳ್ನಕ್ಕ.

"ಗಡಿಯಲ್ಲಿ ಶತ್ರು ಕೂತಿದ್ದಾನೆ ತಾಯಿ. ಹಾಲುಹಲ್ಲಿನ ದೂರು ಕೇಳಲು ಸಭೆ ಕರೆಯಲೇ?"

"ಗಡಿಯ ಶತ್ರು ನಿಮಗೆ ಕಾಣುತ್ತಾನೆ ಪ್ರಭು. ಗೊಂಬೆ ಹಿಡಿದು ತೊಟ್ಟಿಲಿಗೆ ಬಂದವನು ಕಾಣಲಿಲ್ಲವೇ? ಊರಿನ ಮಕ್ಕಳು ನೋವಿನಿಂದ ಉಣ್ಣದೆ ಒಣಗುತ್ತಿದ್ದರೆ ನಾಳೆ ನಿಮ್ಮ ಗಡಿ ಕಾಯುವವರು ಯಾರು?"

ಸಭೆ ಗೊಳ್ಳೆಂದು ನಕ್ಕಿತು. ಅವಳ ಮೈ ಉರಿದುಹೋಯಿತು. ಮಗಳ ಬಿಸಿಯೇರಿದ ಕೆನ್ನೆಯನ್ನು ಹೆಗಲಿಗೊತ್ತಿಕೊಂಡು, ನಗುವವರ ನಡುವಿನಿಂದಲೇ ಅವಳು ಹಲ್ಲು ಕಚ್ಚಿದ ಕಾಗೆಗಳು ಹಾರುತ್ತಿದ್ದ ಕಪ್ಪುಬೆಟ್ಟದ ದಾರಿ ಹಿಡಿದಳು.

ಕೋಟೆಯ ಮೊದಲ ಬಾಗಿಲಲ್ಲಿ ಮೊಸಳೆ ಮಲಗಿತ್ತು. "ಹೇಗೂ ಬೀಳುವುದಕ್ಕೆ ಆರೈಕೆ ಏಕೆ?" ಎಂದು ಕೇಳಿತು. "ನನ್ನ ಹಲ್ಲು ನಿತ್ಯ ಉದುರುತ್ತದೆ, ನಿತ್ಯ ಹುಟ್ಟುತ್ತದೆ. ನಾನು ಎಂದಾದರೂ ಅತ್ತಿದ್ದೇನೆಯೇ?"

"ನೀನು ನುಂಗುವವನು, ಅಗಿಯುವ ಕಷ್ಟ ನಿನಗೇನು ಗೊತ್ತು?" ಎಂದಳು ಬಾಚಲೆ. "ನನ್ನ ಮಗಳಿಗೆ ಮತ್ತೆ ಹುಟ್ಟುವುದು ಒಂದೇ ಬಾರಿ. ಆ ಒಂದು ಬಾರಿಗೆ ಜಾಗ ಹಿಡಿದಿಡುವುದು ಈ ಹಾಲುಹಲ್ಲು. ದಾರಿ ಬಿಡು."

ಮೊಸಳೆ ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಆನೆ ಗೋಡೆಗೆ ಮುಖಮಾಡಿ ನಿಂತಿತ್ತು. "ಹೇಗೂ ಬೀಳುವುದಕ್ಕೆ ಆರೈಕೆ ಏಕೆ?" ಎಂದು ಅದೂ ಕೇಳಿತು; ಆದರೆ ದನಿ ನಡುಗುತ್ತಿತ್ತು.

"ಇತ್ತ ತಿರುಗಿ ಕೇಳಪ್ಪಾ" ಎಂದಳು ಬಾಚಲೆ.

ಆನೆ ತಿರುಗಿತು. ಅದರ ಒಂದು ದಂತ ಸೊಟ್ಟಗೆ ಬೆಳೆದು ಕೆನ್ನೆಯನ್ನೇ ಇರಿದಿತ್ತು. "ಮರಿಯಾಗಿದ್ದಾಗ ನನಗೂ ಹಾಲುದಂತವಿತ್ತು. ಕಾಳಮಧು ಆಟಕ್ಕೆಂದು ಅದನ್ನು ಕಿತ್ತ" ಎಂದಿತು.

ಬಾಚಲೆ ತನ್ನ ಸೆರಗು ಹರಿದು, ನೀರಿನಲ್ಲಿ ನೆನೆಸಿ, ಗಾಯ ಒರೆಸಿ, ದಂತಕ್ಕೂ ಕೆನ್ನೆಗೂ ನಡುವೆ ಮೆತ್ತೆಯಾಗಿಟ್ಟಳು. ಆನೆ ಸೊಂಡಿಲು ಇಳಿಬಿಟ್ಟು ಪಿಸುಗುಟ್ಟಿತು: "ಈ ಕೋಟೆಗೆ ಗಾರೆಯಿಲ್ಲ ತಾಯಿ. ನಿಮ್ಮ ಜನ ಆಡುವ 'ಹೇಗೂ ಬೀಳುವ ಹಲ್ಲು' ಎಂಬ ಮಾತೇ ಇದರ ಗಾರೆ. ಕಟ್ಟಿದವನ ಬಾಯಿಂದಲೇ ಆ ಮಾತು ಸುಳ್ಳೆಂದು ಬಂದರೆ ಇದು ಬೀಳುತ್ತದೆ."

ಮೂರನೆಯ ಬಾಗಿಲಿಗೆ ಕಾವಲೇ ಇರಲಿಲ್ಲ. ಬಾಗಿಲ ತುಂಬ ಬೆಲ್ಲದ ಗೊಂಬೆಗಳು ತೂಗಾಡುತ್ತಿದ್ದವು. "ಪಾಪ, ಅಳುತ್ತಿದೆ. ಇದೊಂದು ಸಲ ಕೊಡು. ಹೇಗೂ ಬೀಳುವುದಕ್ಕೆ ಆರೈಕೆ ಏಕೆ?" ಎಂದು ಅವು ಮೆಲುದನಿಯಲ್ಲಿ ಹೇಳಿದವು.

ನೀಲವ್ವೆ ಕೈಚಾಚಿದಳು. "ಅವ್ವ, ಅದು ಬೇಕು."

"ಬೇಡ ಕಂದ."

"ನೀನು ಕೆಟ್ಟ ಅವ್ವ."

"ಹೌದು, ಇವತ್ತಿಗೆ ಕೆಟ್ಟವಳೇ" ಎಂದಳು ಬಾಚಲೆ. ಕೊಟ್ಟರೆ ಅಳು ಈ ಕ್ಷಣವೇ ನಿಲ್ಲುತ್ತಿತ್ತು. ಅವಳು ಹೊಸ್ತಿಲಲ್ಲೇ ಕುಳಿತು, ಮಗುವನ್ನು ತೊಡೆಯ ಮೇಲೆ ಮಲಗಿಸಿ, ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಂದೊಂದೇ ಹಲ್ಲನ್ನು ಮೆಲ್ಲಗೆ ಒರೆಸಿದಳು. ಮಗು ಬೆರಳು ಕಚ್ಚಿತು, ಒದೆಯಿತು, ಅತ್ತಿತು; ಕೊನೆಗೆ ಬಿಕ್ಕುತ್ತ ನಿದ್ದೆಹೋಯಿತು. ಗೊಂಬೆಗಳು ಬರಿಯ ಚಿಂದಿಯಾಗಿ ನೆಲಕ್ಕೆ ಬಿದ್ದವು.

ಒಳಗೆ ಕಾಳಮಧು ಹಲ್ಲಿನ ಸಿಂಹಾಸನದ ಮೇಲೆ ಕುಳಿತಿದ್ದ. "ಬೈಯಬೇಡ ತಾಯಿ" ಎಂದ. "ನಾನು ನಿಮ್ಮ ಯಾವ ಮಗುವಿನ ಬಾಯಿಗೂ ಕೈಹಾಕಲಿಲ್ಲ. ನೀವು ಎಸೆದಿರಿ, ನಾನು ಆರಿಸಿಕೊಂಡೆ. ಹೇಗೂ ಬೀಳುವ ಹಲ್ಲು."

ಅವನ ಮಾತು ನಿಜವಾಗಿತ್ತು. ಅದಕ್ಕೇ ಅವಳ ಸಿಟ್ಟು ಇಮ್ಮಡಿಸಿತು.

"ಕೆಲಸಕ್ಕೆ ಬಾರದ ಕಸ, ಅಲ್ಲವೇ?"

"ಕಸವೇ."

"ಕಸ ಆಯಲು ನೀನು ಇಷ್ಟು ಕಾಗೆ ಸಾಕಿದೆ. ಕಸ ಪೇರಿಸಿ ಅದರ ಮೇಲೆ ಕೂತೆ. ನಿನ್ನನ್ನು ಮಹಾಮಾಂತ್ರಿಕ ಅಂದುಕೊಂಡು ಬಂದೆನಲ್ಲ. ನೀನು ತಿಪ್ಪೆ ಕೆದಕುವವನು ಮಾತ್ರ."

ಕಾಳಮಧುವಿನ ಮುಖ ಕೆಂಪಾಯಿತು. ಯಾರೂ ಅವನನ್ನು ಹಾಗೆ ಹೀಗಳೆದಿರಲಿಲ್ಲ.

"ಕಸವೆನ್ನಬೇಡ" ಎಂದು ಗರ್ಜಿಸಿದ. "ಒಂದೊಂದು ಹಾಲುಹಲ್ಲೂ ಬರಲಿರುವ ಹಲ್ಲಿನ ಕಾವಲುಗಾರ. ಇದು ಕೊಳೆತರೆ ಕೆಳಗಿರುವುದಕ್ಕೂ ಕೇಡು. ಇದರಿಂದಲೇ ಮಗು ಉಣ್ಣುತ್ತದೆ, ಮಾತು ಕಲಿಯುತ್ತದೆ, ನಗುತ್ತದೆ. ಇದನ್ನು ಕಸಿದರೆ ಒಂದು ತಲೆಮಾರನ್ನೇ ಕಸಿದಂತೆ. ಉಣ್ಣಲಾರದವರು, ಬಾಯಿಬಿಟ್ಟು ಪ್ರಶ್ನೆ ಕೇಳಲಾರದವರು ನನ್ನ ವಿರುದ್ಧ ಹೇಗೆ ನಿಂತಾರು?"

ಮಾತು ಮುಗಿಯುವಷ್ಟರಲ್ಲಿ ಗೋಡೆ ಬಿರಿಯಿತು. ಹಲ್ಲಿನಿಂದ ಹಲ್ಲು ಕಳಚಿ ಕೋಟೆ ಕುಸಿಯಿತು. ಕಾಳಮಧು ಒಂದು ಬೆಲ್ಲದ ಮುದ್ದೆಯಾದ. ಇರುವೆಗಳು ಬಂದು ಅವನನ್ನು ಹೊತ್ತೊಯ್ದವು. ಹಾಲುಹಲ್ಲಿನೊಂದಿಗೆ ಅವನು ಕಸಿದಿಟ್ಟ ಹೊಸಹಲ್ಲಿನ ಜಾಗಗಳೆಲ್ಲ ಮಲ್ಲಿಗೆಯ ಮೊಗ್ಗುಗಳಾಗಿ ಹಾರಿ, ಊರಿನ ಮಕ್ಕಳ ವಸಡುಗಳಲ್ಲಿ ತಮ್ಮ ತಮ್ಮ ಎಡೆ ಸೇರಿದವು. ನೀಲವ್ವೆಯ ಕೆನ್ನೆಯ ಬಾವು ಇಳಿಯಿತು.

ಬಾಚಲೆ ನೇರ ಅರಮನೆಗೆ ಬಂದಳು. ರಾಜ ಸಿಂಹಾಸನದಿಂದಿಳಿದು ಎದುರುಗೊಂಡ. "ಏನು ಬೇಕು, ಕೇಳು ತಾಯಿ."

"ನನಗೇನೂ ಬೇಡ. ಮಾಂತ್ರಿಕ ಗೊಂಬೆ ಕೊಟ್ಟ, ನಿಜ. ಹಲ್ಲು ಬೇಗ ಬಿದ್ದ ಮನೆಗೂ ಸಕ್ಕರೆ ಕಳಿಸಿದವರು ಯಾರು ಪ್ರಭು?"

ಈ ಬಾರಿ ಸಭೆಯಲ್ಲಿ ಯಾರೂ ನಗಲಿಲ್ಲ. ರಾಜ ತಲೆತಗ್ಗಿಸಿದ. ಅಂದಿನಿಂದ ಸಕ್ಕರೆಯ ಪದ್ಧತಿ ನಿಂತಿತು. ಮಲಗುವ ಮುನ್ನ ಮಗುವಿನ ಹಲ್ಲುಜ್ಜುವುದು ಮನೆಮನೆಯ ಕೆಲಸವಾಯಿತು; ಯುವರಾಜನ ಹಲ್ಲನ್ನು ರಾಜನೇ ಉಜ್ಜಿದ. ಮಾಕವ್ವೆ ಸಂಕೋಚದಿಂದ ಬಾಚಲೆಯ ಬಾಗಿಲಿಗೆ ಬಂದು, ಬಟ್ಟೆಯನ್ನು ಬೆರಳಿಗೆ ಸುತ್ತುವುದು ಹೇಗೆಂದು ಕೇಳಿದಳು. ಬಾಚಲೆ ಮೊದಲು ಚೆನ್ನಾಗಿ ಬೈದಳು, ಆಮೇಲೆ ಕಲಿಸಿದಳು.

ನೀಲವ್ವೆಯ ಹಾಲುಹಲ್ಲುಗಳು ತಮ್ಮ ಕಾಲಕ್ಕೆ ತಾವೇ ಕಳಚಿದವು, ಹೊಸವು ನೆಟ್ಟಗೆ ಬಂದವು. ಅವರೆಲ್ಲ ಅಲ್ಲಿ ಖಡಕ್ ರೊಟ್ಟಿಯನ್ನು ಕಟಕಟನೆ ಕಡಿದು, ಬಾಯ್ತುಂಬ ನಕ್ಕು ಸುಖವಾಗಿದ್ದರು. ಇಲ್ಲಿ ಕತೆ ಕೇಳಿದ ಮಕ್ಕಳು ಬಾಯಿ ಮುಕ್ಕಳಿಸಿ ಮಲಗಲಿ.